ನಂಜುಂಡ ಹುಲ್ಲು

ಇಟಲಿಯ ಪಶ್ಚಿಮ ಕರಾವಳಿಯಲ್ಲಿ ಲಿವೊರ್ನೊ ಬಂದರಿನಿಂದ ರೋಮ್‌ನತ್ತ ಹೊರಟ ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿದು ಕೂತವರಿಗೆ ಕಡಲು ಇಣುಕುತ್ತ, ಅಡಗುತ್ತ ಜೊತೆಜೊತೆಗೇ ಬರುತ್ತದೆ. ಕಂದು ಬಂಡೆಗಳು, ಪೈನ್ ಮರಗಳ ನೆರಳು, ಕಡುನೀಲಿ ನೀರು. ಹಾದಿಯಲ್ಲಿ ಸಿಗುವ ಕಾಸ್ತಿಲ್ಯೊಂಚೆಲ್ಲೊ ಎಂಬ ಊರಿನಲ್ಲಿ 19ನೆಯ ಶತಮಾನದ ಚಿತ್ರಕಾರರು ಬಂದು ತಂಗಿ, ಇಲ್ಲಿನ ಬೆಳಕನ್ನು ಬಣ್ಣದಲ್ಲಿ ಹಿಡಿಯಲು ಹೆಣಗಿದ್ದರಂತೆ. ಅಲ್ಲಿಂದ ತುಸು ಮುಂದೆ ರೊಸಿನ್ಯಾನೊ. ಇಳಿದು ಕಡಲಿನತ್ತ ಹೆಜ್ಜೆ ಹಾಕಿದವರ ಕಣ್ಣೆದುರು ದೃಶ್ಯ ಇದ್ದಕ್ಕಿದ್ದಂತೆ ಬದಲಾಗುತ್ತದೆ.

ಮರಳು ಹಾಲು ಚೆಲ್ಲಿದಂತೆ ಬಿಳಿ. ನೀರಿಗೆ ನವಿಲುಗರಿಯ ಹಸಿರುನೀಲಿ. ಮೆಡಿಟರೇನಿಯನ್ ಕಡಲನ್ನು ಕಿತ್ತು ಯಾರೋ ಕೆರಿಬಿಯನ್ ದ್ವೀಪದ ಸಮುದ್ರವನ್ನು ಇಲ್ಲಿ ತಂದಿಟ್ಟ ಹಾಗೆ. ಬೇಸಿಗೆ ಬಂತೆಂದರೆ ಬಣ್ಣದ ಕೊಡೆಗಳ ಸಾಲು, ಮಕ್ಕಳ ಕೇಕೆ, ಕ್ಯಾಮೆರಾ ಹಿಡಿದವರ ದಂಡು. ಊರಿನವರು ಇದಕ್ಕೆ ಇಟ್ಟ ಹೆಸರು 'ಸ್ಪಿಯಾಜ್ಜೆ ಬಿಯಾಂಕೆ'. ಅಂದರೆ 'ಬಿಳಿ ಕಡಲತೀರ'. ಚಿತ್ರ ತೆಗೆಯುವವರು ಸಾಮಾನ್ಯವಾಗಿ ಸಮುದ್ರದ ಕಡೆಗೇ ಮುಖ ಮಾಡುತ್ತಾರೆ. ಬೆನ್ನ ಹಿಂದಿರುವ ಚಿಮಣಿಗಳು ಚಿತ್ರದಲ್ಲಿ ಬರುವುದು ಯಾರಿಗೂ ಬೇಕಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಈ ಬಿಳುಪು ಸಮುದ್ರ ಕೊಟ್ಟದ್ದಲ್ಲ. ಬೆನ್ನ ಹಿಂದಿನ ಚಿಮಣಿಗಳು ಕೊಟ್ಟದ್ದು. 1863ರಲ್ಲಿ ಸೋಡಾ ತಯಾರಿಕೆಗಾಗಿ ಕಂಪನಿ ಕಟ್ಟಿದ ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೆಯ ಹೆಸರು ಇಂದು ಈ ಊರಿಗೇ ಅಂಟಿಕೊಂಡಿದೆ: ಅದರ ಪೂರ್ತಿ ಹೆಸರು ರೊಸಿನ್ಯಾನೊ ಸಾಲ್ವೆ. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಇಲ್ಲಿ ಕಾರ್ಖಾನೆ ಎದ್ದಿತು. ಜೊತೆಗೆ ಕಾರ್ಮಿಕರ ಮನೆಗಳು ಎದ್ದವು, ಬೀದಿಗಳಾದವು, ಊರಾಯಿತು. ಒಳನಾಡಿನ ವೊಲ್ತೆರ್ರಾ ಸೀಮೆಯಲ್ಲಿ ನೆಲದಡಿಯ ಉಪ್ಪಿದೆ, ದಕ್ಷಿಣದ ಬೆಟ್ಟಗಳಲ್ಲಿ ಸುಣ್ಣದಕಲ್ಲಿದೆ, ಮುಂದೆ ಕಡಲಿದೆ. ಸೋಡಾ ಕಾರ್ಖಾನೆಗೆ ಇನ್ನೇನು ಬೇಕು?

ಉಪ್ಪುನೀರಿಗೆ ಅಮೋನಿಯಾ ಬೆರೆಸಿ, ಸುಣ್ಣದಕಲ್ಲನ್ನು ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡನ್ನು ಅದರೊಳಗೆ ಹಾಯಿಸಿದರೆ ಅಡುಗೆ ಸೋಡಾ ಗರಣೆಗಟ್ಟುತ್ತದೆ. ಅದನ್ನು ಕಾಯಿಸಿದರೆ ಗಾಜಿನ ಕಾರ್ಖಾನೆಗೂ ಸಾಬೂನಿನ ಕಾರ್ಖಾನೆಗೂ ಬೇಕಾದ ಸೋಡಾ ಬೂದಿ. ಗುಜರಾತಿನ ಮಿಠಾಪುರದಲ್ಲಿ ನಡೆಯುವುದೂ ಇದೇ ವಿಧಾನ. ಆದರೆ ಕೊನೆಗೆ ಉಳಿಯುವ ಸುಣ್ಣದ ಗಸಿ? ಅದನ್ನು ರೊಸಿನ್ಯಾನೊದಲ್ಲಿ 'ಬಿಳಿ ಕಾಲುವೆ' ಎಂದು ಕರೆಯುವ ಕಾಲುವೆಯೊಂದು ನೇರ ಕಡಲಿಗೆ ಒಯ್ದು ಬಿಡುತ್ತದೆ. ನೂರು ವರ್ಷಗಳ ಗಸಿ ದಡಕ್ಕೆ ಬಂದು ಹರಡಿ ಕಿಲೋಮೀಟರ್‌ಗಟ್ಟಲೆ ಬಿಳಿ ತೀರವಾಗಿದೆ. ಕಾಲುವೆಯ ಬಾಯಿಯ ಬಳಿ ಸ್ನಾನಕ್ಕೆ ನಿಷೇಧವಿದೆ. ಸುಣ್ಣದ ಗಸಿಯಿಂದ ಅಪಾಯವಿಲ್ಲವೆಂಬುದು ಕಾರ್ಖಾನೆಯ ವಾದ. ಈ ವಾದವನ್ನು ಒಪ್ಪದ ಊರವರೂ ಇದ್ದಾರೆ. ಆದರೆ ಅವರ ಮನೆಯಲ್ಲೇ ಒಬ್ಬರಿಗೋ ಇಬ್ಬರಿಗೋ ಅನ್ನ ಕೊಟ್ಟದ್ದೂ ಅದೇ ಕಾರ್ಖಾನೆ. ಜಗಳ ಸರಳವಲ್ಲ.

ಸುಣ್ಣ ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೊಂದಿದೆ. 1940ರ ಸುಮಾರಿಗೆ ಇಲ್ಲಿ ಉಪ್ಪುನೀರಿಗೆ ವಿದ್ಯುತ್ ಹರಿಸಿ ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾ ತೆಗೆಯುವ ಘಟಕ ಶುರುವಾಯಿತು. ಆ ಕಾಲದ ವಿಧಾನದಲ್ಲಿ ತೊಟ್ಟಿಯ ತಳದಲ್ಲಿ ಪಾದರಸ ಹರಿಯುತ್ತಿರಬೇಕು. ಉಪ್ಪಿನಿಂದ ಬಿಡಿಸಿಕೊಂಡ ಸೋಡಿಯಂ ಆ ಪಾದರಸದೊಳಗೆ ಕರಗುತ್ತದೆ. ಮುಂದೆ ನೀರಿನ ಜೊತೆ ಸೇರಿ ಕಾಸ್ಟಿಕ್ ಸೋಡಾ ಆಗುತ್ತದೆ. ಲೆಕ್ಕದ ಪ್ರಕಾರ ಪಾದರಸ ಖರ್ಚಾಗಬಾರದು, ಸುತ್ತಿ ಸುತ್ತಿ ಅಲ್ಲೇ ಇರಬೇಕು. ಆದರೆ ಹಾಲು ಅಳೆಯುವವನ ಕೈಗೆ ಹಾಲು ಅಂಟದೆ ಇದ್ದೀತೆ? ಪ್ರತಿ ಸುತ್ತಿನಲ್ಲೂ ಚೂರು ಪಾದರಸ ಹೊಲಸು ನೀರಿನ ಜೊತೆ ಹೊರಬಿದ್ದು ಕಡಲು ಸೇರಿತು. 1970ರ ದಶಕದಲ್ಲಿ, ಮುಖ್ಯವಾಗಿ 1976ರ ಕಾನೂನಿನೊಂದಿಗೆ, ಇಟಲಿ ಹೊಲಸು ನೀರಿನ ಮೇಲೆ ಹಿಡಿತ ಬಿಗಿಗೊಳಿಸಿತು. 2007ರಲ್ಲಿ ಪಾದರಸದ ವಿಧಾನವೇ ಇಲ್ಲಿ ನಿಂತಿತು. ನಡುವೆ ಕಳೆದದ್ದು ಆರು ದಶಕಗಳಿಗೂ ಹೆಚ್ಚು ಕಾಲ. ಅಷ್ಟೂ ಕಾಲದ ಸಂಗತಿಯನ್ನು ಬರೆದಿಟ್ಟುಕೊಂಡ ಸಾಕ್ಷಿಯೊಂದು ನೀರಿನಡಿ ಇದೆ. ಅದು ಒಂದು ಹುಲ್ಲು.

ನೀರಿನಡಿಯ ಗದ್ದೆ

ಬಿಳಿ ತೀರದಿಂದ ದಕ್ಷಿಣಕ್ಕೆ ವಾದಾ ಎಂಬ ಹಳೆಯ ಊರಿದೆ. ರೋಮನ್ನರ ಕಾಲದಲ್ಲಿ ಅದು ಬಂದರು. ಐದನೆಯ ಶತಮಾನದ ಆರಂಭದಲ್ಲಿ ಹಡಗೇರಿ ಇತ್ತ ಬಂದ ರೋಮನ್ ಕವಿ ರುತಿಲಿಯಸ್ ಇಲ್ಲಿನ ಉಪ್ಪಿನ ಪಾತಿಗಳನ್ನು ಬಣ್ಣಿಸಿದ್ದಾನೆ. ಮರಳದಿಬ್ಬಗಳಿಗೆ ಹಡಗು ಸಿಕ್ಕಿಬೀಳದಂತೆ ಎರಡೂ ಕಡೆ ಕಂಬ ನೆಟ್ಟು, ಅವಕ್ಕೆ ಎಲೆ ತುಂಬಿದ ಲಾರೆಲ್ ಕೊಂಬೆ ಕಟ್ಟಿ ದಾರಿ ತೋರಿಸುತ್ತಿದ್ದರೆಂದೂ ಬರೆದಿದ್ದಾನೆ. ಆ ದಿಬ್ಬಗಳ ಸುತ್ತಮುತ್ತ ಇಂದಿಗೂ ಬೆಳೆಯುವುದು ಪೊಸಿಡೋನಿಯಾ. ಗ್ರೀಕರ ಕಡಲದೇವತೆ ಪೊಸೈಡನ್‌ನ ಹೆಸರು ಹೊತ್ತ ಹುಲ್ಲು. ಮೆಡಿಟರೇನಿಯನ್ ಬಿಟ್ಟರೆ ಈ ಜಾತಿ ಜಗತ್ತಿನ ಬೇರೆಲ್ಲೂ ಇಲ್ಲ.

ಹುಲ್ಲೆಂದರೆ ಪಾಚಿಯಲ್ಲ. ಪಾಚಿಗೆ ನಿಜವಾದ ಬೇರಿಲ್ಲ, ಹೂವಿಲ್ಲ. ಕಡಲಹುಲ್ಲಿಗೆ ಇವೆರಡೂ ಇವೆ. ನೆಲದ ಮೇಲೆ ಬಾಳಿದ ಗಿಡಗಳ ಸಂತಾನ ಎಂದೋ ಸಮುದ್ರಕ್ಕೆ ಮರಳಿ ಇಳಿದು ಅಲ್ಲೇ ಬೀಡುಬಿಟ್ಟದ್ದು ಇದು. ಒಂದು ಬೆರಳಗಲದ, ಒಂದು ಮೀಟರ್ ತನಕ ಉದ್ದದ ರಿಬ್ಬನ್ನಿನಂಥ ಎಲೆಗಳು. ನೀರು ತಿಳಿಯಾಗಿದ್ದರೆ 40 ಮೀಟರ್ ಆಳದವರೆಗೂ ಬೆಳೆಯುತ್ತದೆ. ಶುಂಠಿಯ ಹಾಗೆ ಅಡ್ಡ ಹರಿದು, ಹೂಳು ಮುಚ್ಚಿದಂತೆಲ್ಲ ಮೇಲಕ್ಕೇಳುವ ಕಾಂಡ. ಮೇಲಕ್ಕೇಳುವ ವೇಗವೋ, ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್! ಸತ್ತ ಕಾಂಡ, ಬೇರು, ಮರಳು ಎಲ್ಲ ಹೆಣೆದುಕೊಂಡು ಕಾಲಕ್ರಮದಲ್ಲಿ ಹಲವು ಮೀಟರ್ ದಪ್ಪದ ಚಾಪೆಯಾಗುತ್ತದೆ. ಸಾವಿರಾರು ವರ್ಷ ಹಳೆಯ ಚಾಪೆಗಳೂ ಇವೆ.

ಈ ಗದ್ದೆಯಲ್ಲಿ ಮೀನು ಮರಿ ಮಾಡುತ್ತದೆ, ಸಿಗಡಿ ಅಡಗುತ್ತದೆ. ಅಲೆಯ ರಭಸ ಇಲ್ಲಿ ತಗ್ಗಿ ದಡ ಉಳಿಯುತ್ತದೆ. ಶರತ್ಕಾಲದಲ್ಲಿ ಎಲೆ ಉದುರಿ ತೀರದಲ್ಲಿ ಮೆದೆಯಂತೆ ಬೀಳುತ್ತದೆ. ನಾರು ಸುತ್ತಿಕೊಂಡು ಕಂದು ಉಂಡೆಗಳಾಗಿ ಉರುಳುತ್ತದೆ. ಪ್ರವಾಸಿಗರಿಗೆ ಅದು ಕಸ. ಕರಾವಳಿಗೆ ಅದೇ ತಡೆಗೋಡೆ.

ವಿಷ ನುಂಗುವ ಬಗೆ

ಹಾಗಾದರೆ ಈ ಹುಲ್ಲು ಪಾದರಸವನ್ನು ಹೇಗೆ ನುಂಗುತ್ತದೆ? ಏಕೆ ನುಂಗುತ್ತದೆ?

ಬಾಳೆಯಂಥ ನೆಲದ ಗಿಡ ನೀರನ್ನೂ ಲವಣವನ್ನೂ ಬೇರಿನಿಂದ ಹೀರಿ ಎಲೆಗೆ ಏರಿಸುತ್ತದೆ. ಕಡಲಹುಲ್ಲು ಮುಳುಗಿಯೇ ಇರುವುದರಿಂದ ಅದಕ್ಕೆ ಎರಡು ಬಾಯಿ. ಬೇರಿನಿಂದಲೂ ಹೀರುತ್ತದೆ, ಎಲೆಯಿಂದಲೂ ಹೀರುತ್ತದೆ. ಎಲೆಯ ಮೇಲಿನ ಮೇಣದ ಪದರ ಬಲು ತೆಳು. ಉಸಿರಾಟದ ರಂಧ್ರಗಳೇ ಇಲ್ಲ. ಇಡೀ ಮೈಯೇ ಬಾಯಿ ಎಂದರೂ ಸರಿ. ಬೆಳವಣಿಗೆಗೆ ಅದಕ್ಕೆ ಚೂರು ತಾಮ್ರ ಬೇಕು, ಸತು ಬೇಕು, ಕಬ್ಬಿಣ ಬೇಕು. ಇವನ್ನು ಒಳಗೆ ಕರೆದುಕೊಳ್ಳಲು ಜೀವಕೋಶದ ಪೊರೆಯಲ್ಲಿ ಬಾಗಿಲುಗಳಿವೆ. ಕ್ಯಾಡ್ಮಿಯಂ, ಸೀಸ, ಪಾದರಸಗಳಂಥ ಭಾರಲೋಹಗಳು ಅದೇ ಬಾಗಿಲಲ್ಲಿ, ಮದುವೆ ಮನೆಗೆ ನುಗ್ಗುವ ಕರೆಯದ ನೆಂಟರಂತೆ, ಒಳಸೇರುತ್ತವೆ.

ಒಳಗೆ ಬಂದವರನ್ನು ಹಾಗೆಯೇ ಬಿಟ್ಟರೆ ಅಡುಗೆ ಮನೆ ಹಾಳು. ಕಿಣ್ವಗಳು ಕೆಡುತ್ತವೆ, ಎಲೆಯ ಹಸಿರು ಮಾಸುತ್ತದೆ. ಅದಕ್ಕೆ ಗಿಡ ಕಂಡುಕೊಂಡ ಉಪಾಯಗಳಿವೆ. ಕೋಶದ ಗೋಡೆಯ ಪೆಕ್ಟಿನ್‌ನಂಥ ವಸ್ತುಗಳಲ್ಲಿ ಋಣ ವಿದ್ಯುತ್ತಿನ ತುದಿಗಳಿವೆ. ಧನ ವಿದ್ಯುತ್ತಿನ ಲೋಹದ ಕಣಗಳನ್ನು ಅವು ಹೊಸಿಲಲ್ಲೇ ಹಿಡಿದು ಕೂರಿಸುತ್ತವೆ. ತಪ್ಪಿಸಿಕೊಂಡು ಒಳಬಂದವನ್ನು ಗಂಧಕವಿರುವ ಸಣ್ಣ ಪ್ರೋಟೀನುಗಳು ತಬ್ಬಿಕೊಳ್ಳುತ್ತವೆ. ಪಾದರಸಕ್ಕೂ ಗಂಧಕಕ್ಕೂ ಎಲ್ಲಿಲ್ಲದ ನಂಟು. ಕುಂಕುಮದ ಬಣ್ಣದ ಇಂಗಲೀಕವೆಂದರೆ ಇವೆರಡರ ಸಂಯುಕ್ತವೇ ತಾನೆ? ಹೀಗೆ ಕಟ್ಟಿಹಾಕಿದ ಗಂಟನ್ನು ಕೋಶದ ಮೂಲೆಯ ಉಗ್ರಾಣಕ್ಕೆ ತಳ್ಳಿ ಬಾಗಿಲು ಹಾಕಿದರೆ ಸದ್ಯಕ್ಕೆ ಬಚಾವು.

ಹುಲ್ಲಿನ ಕೆಲಸ ಮೈಯೊಳಗೆ ಮಾತ್ರ ನಡೆಯುವುದಲ್ಲ. ದಟ್ಟ ಎಲೆಗಳ ನಡುವೆ ನೀರಿನ ಓಟ ನಿಧಾನವಾಗುತ್ತದೆ. ಲೋಹ ಅಂಟಿಸಿಕೊಂಡ ಸಣ್ಣ ಕಣಗಳು ತಳಕ್ಕಿಳಿಯುತ್ತವೆ. ಗಾಳಿಯಾಡದ ಆ ಕೆಸರಿನಲ್ಲಿ ಗಂಧಕದ ಸಂಯುಕ್ತಗಳು ಅವನ್ನು ಹಿಡಿದಿಡುತ್ತವೆ. ಮೇಲೆ ಚಾಪೆ ಬೆಳೆಯುತ್ತ ಹೋದಂತೆ ವಿಷ ಕೆಳಗೆ ಹೂತುಹೋಗುತ್ತದೆ. ಕಡಲು ಕಡೆದಾಗ ಬಂದ ಹಾಲಾಹಲವನ್ನು ಕುಡಿದು ಗಂಟಲಲ್ಲೇ ತಡೆದ ಶಿವನನ್ನು ಕನ್ನಡ ನಾಡು ನಂಜುಂಡ ಎಂದು ಕರೆಯುತ್ತದೆ. ಟಸ್ಕನಿಯ ಕಡಲಡಿ ಅದೇ ಕೆಲಸ ಒಂದು ಹುಲ್ಲಿನ ಪಾಲಿಗೆ ಬಂದಿದೆ.

ಪೊರೆಯೊಳಗಿನ ಪಂಚಾಂಗ

ಈಚಲು ಮರವನ್ನು ಕಂಡವರಿಗೆ ಗೊತ್ತು. ಹಳೆಯ ಗರಿ ಒಣಗಿ ಬಿದ್ದರೂ ಅದರ ಬುಡ ಕಾಂಡಕ್ಕೆ ಕಚ್ಚಿಕೊಂಡೇ ಇರುತ್ತದೆ. ಪೊಸಿಡೋನಿಯಾದಲ್ಲೂ ಹೀಗೆಯೇ. ಎಲೆ ಉದುರುತ್ತದೆ, ಬುಡದ ಪೊರೆ ಮಾತ್ರ ಕಾಂಡದ ಮೇಲೆ ದಶಕಗಟ್ಟಲೆ ಉಳಿಯುತ್ತದೆ. ವರ್ಷದ ಒಂದು ಋತುವಿನಲ್ಲಿ ಹುಟ್ಟಿದ ಎಲೆಯ ಪೊರೆ ದಪ್ಪ, ಇನ್ನೊಂದು ಋತುವಿನದು ತೆಳು. ದಪ್ಪ, ತೆಳು, ಮತ್ತೆ ದಪ್ಪ ಎಂದು ಎಣಿಸುತ್ತ ಹೋದರೆ ಮರದ ಉಂಗುರ ಎಣಿಸಿದಂತೆ ವರ್ಷಗಳ ಲೆಕ್ಕ ಸಿಗುತ್ತದೆ. 1980ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿಗಳು ಈ ಎಣಿಕೆಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು.

ಆ ಪೊರೆಗಳಲ್ಲಿ ಪಾದರಸವನ್ನು ಅಳೆದರೆ? ಕಾರ್ಸಿಕಾ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಪರ್ಜೆಂ-ಮಾರ್ತಿನಿ 1998ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ಇದೇ: ಮೆಡಿಟರೇನಿಯನ್ನಿನ ಇಂದಿನ ಪಾದರಸಕ್ಕೂ ಹಿಂದಿನ ಪಾದರಸಕ್ಕೂ ಈ ಹುಲ್ಲನ್ನೇ ಸಾಕ್ಷಿಯಾಗಿ ನಿಲ್ಲಿಸಬಹುದು ಎಂಬುದು. ರೊಸಿನ್ಯಾನೊದ ಹುಲ್ಲು ಇಂಥ ಸಂಶೋಧಕರ ಕೈಗೆ ಮತ್ತೆ ಮತ್ತೆ ಬಂದಿದೆ. ಕಾರ್ಸಿಕಾದ ಶುದ್ಧ ನೀರಿನ ಹುಲ್ಲಿನ ಪಕ್ಕದಲ್ಲಿಟ್ಟು ಅದನ್ನು ತೂಗಿದ್ದಾರೆ. ಕಾರ್ಖಾನೆಯ ಕಡತ ಕಳೆಯಬಹುದು, ಅಧಿಕಾರಿ ವರ್ಗವಾಗಬಹುದು, ಅಳೆಯುವ ಯಂತ್ರವೇ ಅಂದು ಇಲ್ಲದಿರಬಹುದು. ಹುಲ್ಲು ಮಾತ್ರ ಯಾರ ಅಪ್ಪಣೆಗೂ ಕಾಯದೆ ತನ್ನ ಪಂಚಾಂಗ ಬರೆದುಕೊಳ್ಳುತ್ತ ಹೋಗಿದೆ.

ಆಚೆ ದಡದ ಕರಿ ಮರಳು

ಲಿವೊರ್ನೊದಿಂದ ಹಡಗು ಹತ್ತಿದರೆ ನಾಲ್ಕು ತಾಸಿನ ಆಸುಪಾಸಿನಲ್ಲಿ ಕಾರ್ಸಿಕಾದ ಬಾಸ್ತಿಯಾ. ದಾರಿಯಲ್ಲಿ ಕೈದಿಗಳ ದ್ವೀಪವೆಂದು ಹೆಸರಾದ ಗೊರ್ಗೋನಾ, ಅದರಾಚೆ ಕಾಪ್ರಾಯಾ. ಬಾಸ್ತಿಯಾದಿಂದ ಬೆಟ್ಟ ದಾಟಿ ಪಶ್ಚಿಮ ದಡಕ್ಕಿಳಿದರೆ ಬಂಡೆಯ ನೆತ್ತಿಯಲ್ಲಿ ಹಕ್ಕಿಗೂಡಿನಂತೆ ಕೂತ ನೊಂಜಾ ಎಂಬ ಹಳ್ಳಿ. ಸಂತ ಜೂಲಿಯಾಳ ಹೆಸರಿನ ಚಿಲುಮೆ, ಹಳೆಯ ಕಲ್ಲಿನ ಗೋಪುರ. ಗೋಪುರದ ಬುಡದಿಂದ ಕೆಳಗೆ ನೋಡಿದರೆ ತಲೆ ತಿರುಗುವಷ್ಟು ಆಳದಲ್ಲಿ ಉದ್ದಾನುದ್ದ ಕರಿ ತೀರ! ನೂರಾರು ಮೆಟ್ಟಿಲಿಳಿದು ಹೋದವರು ಬಿಳಿ ಕಲ್ಲುಗಳನ್ನು ಹೆಕ್ಕಿ ಆ ಕರಿ ಹಾಸಿನ ಮೇಲೆ ಹೆಸರು, ಹೃದಯ, ಹೂವು ಬರೆದು ಬರುತ್ತಾರೆ. ಮೇಲಿನಿಂದ ಅದು ಸ್ಲೇಟಿನ ಮೇಲಿನ ಅಕ್ಷರದಂತೆ ಕಾಣುತ್ತದೆ.

ಈ ಕಪ್ಪೂ ಕಡಲಿನದಲ್ಲ. ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದ ಕನಾರಿಯಲ್ಲಿ ಕಲ್ನಾರಿನ ಗಣಿಯಿತ್ತು. ಬೆಟ್ಟವನ್ನು ಒಡೆದು ನಾರು ತೆಗೆದು, ಉಳಿದ ಒಂದು ಕೋಟಿ ಟನ್ನಿಗೂ ಹೆಚ್ಚು ಪುಡಿಗಲ್ಲನ್ನು ಸಮುದ್ರಕ್ಕೆ ಸುರಿದರು. ಅಲೆಗಳು ಅದನ್ನು ಒಯ್ದು ಕೊಲ್ಲಿಗಳಲ್ಲಿ ಹರಡಿದವು. 1965ರಲ್ಲಿ ಗಣಿ ಮುಚ್ಚಿತು. ಆ ಕಲ್ಲಿನಲ್ಲಿ ನಿಕಲ್, ಕೋಬಾಲ್ಟ್, ಕ್ರೋಮಿಯಂಗಳು ಸಹಜವಾಗಿಯೇ ಹೆಚ್ಚು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿನ ಪೊಸಿಡೋನಿಯಾದ ಎಲೆಗಳನ್ನೇ ನಕ್ಷೆಯಾಗಿಸಿ, ಈ ಲೋಹಗಳು ಎಲ್ಲೆಲ್ಲಿ ಹರಡಿವೆಯೆಂದು ಗುರುತಿಸಿತು. ಗಣಿ ಮುಚ್ಚಿ ನಾಲ್ಕು ದಶಕ ದಾಟಿದ್ದರೂ ಹುಲ್ಲು ಅದನ್ನು ಮರೆತಿರಲಿಲ್ಲ.

ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು. ಎರಡೂ ಮನುಷ್ಯ ಸುರಿದ ಕಸ, ಎರಡೂ ಇಂದು ಪ್ರವಾಸಿ ತಾಣ. ನಡುವಿನ ನೀರಿನಡಿ ಎರಡರ ಲೆಕ್ಕವನ್ನೂ ಇಟ್ಟುಕೊಂಡಿರುವುದು ಅದೇ ಹಸಿರು ಗದ್ದೆ.

ಹುಲ್ಲಿನ ತಾಳ್ಮೆಗೂ ಮಿತಿ

ಹಾಗೆಂದು ಹುಲ್ಲು ಬೆಳೆಸಿ ವಿಷ ಸುರಿದರಾಯಿತು ಎನ್ನುವಂತಿಲ್ಲ. ನಂಜುಂಡನ ಹೋಲಿಕೆ ಇಲ್ಲಿ ಸ್ವಲ್ಪ ಕೈಕೊಡುತ್ತದೆ. ಕಾರ್ಸಿಕಾದ ಕಾಲ್ವಿ ಬಳಿ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯಕ್ಕೆ ಸೇರಿದ ಕಡಲ ಸಂಶೋಧನಾ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳು ಸಮುದ್ರದೊಳಗೇ ಹುಲ್ಲುಗಾವಲಿನ ಒಂದಿಷ್ಟು ಭಾಗಕ್ಕೆ ಬೇಲಿ ಹಾಕಿ, 15 ಬಗೆಯ ಧಾತುಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎಲೆಗಳು ಅವನ್ನು ಬಲುಬೇಗ ಹೀರಿಕೊಂಡವು. ಸುರಿಯುವುದು ನಿಂತ ಮೇಲೆ ಬೇಗನೆ ಬಿಟ್ಟೂ ಕೊಟ್ಟವು. ಅಂದರೆ ಎಲೆ ತಿಜೋರಿಯಲ್ಲ, ಬರೀ ಜೇಬು.

ಜೇಬಿನಲ್ಲಿ ಉಳಿದದ್ದಾದರೂ ಎಲ್ಲಿಗೆ ಹೋಗುತ್ತದೆ? ಎಲೆಯನ್ನು ಸಾಲ್ಪಾ ಎಂಬ ಮೀನು ಹಿಂಡುಹಿಂಡಾಗಿ ಬಂದು ಮೇಯುತ್ತದೆ. ಮೈತುಂಬ ಮುಳ್ಳಿನ ಕಡಲ ಅರ್ಚಿನ್ ಕೆರೆದು ತಿನ್ನುತ್ತದೆ. ಉದುರಿದ ಎಲೆ ಅಲೆಯ ಜೊತೆ ಬೇರೆಡೆಗೆ ತೇಲುತ್ತದೆ. ಎಣ್ಣೆ, ಗೊಬ್ಬರಗಳನ್ನು ಸೂಕ್ಷ್ಮಜೀವಿಗಳು ಮುರಿದು ಜೀರ್ಣಿಸಿಕೊಂಡಾವು. ಪಾದರಸ ಮೂಲಧಾತು, ಅದನ್ನು ಮುರಿಯುವಂತಿಲ್ಲ. ಜಾಗ ಬದಲಿಸುತ್ತದೆ, ರೂಪ ಬದಲಿಸುತ್ತದೆ, ಇಲ್ಲವಾಗುವುದಿಲ್ಲ. ಕೆಸರಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು ಮೀಥೈಲ್ ಪಾದರಸವಾದರೆ ಮೀನಿನಿಂದ ಮೀನಿಗೆ ಏರುತ್ತ ಊಟದ ತಟ್ಟೆಗೂ ಬರುತ್ತದೆ. ಮೀಥೈಲ್ ಪಾದರಸ ತುಂಬಿದ ಮೀನು ತಿಂದವರಿಗೆ ಏನಾಗುತ್ತದೆಂಬುದನ್ನು 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟಾ ದುರಂತ ಜಗತ್ತಿಗೆ ತೋರಿಸಿದೆ.

ನಿಜವಾದ ತಿಜೋರಿ ಇರುವುದು ಕೆಳಗಿನ ಚಾಪೆಯಲ್ಲಿ. ಆ ಚಾಪೆ ಉಳಿಯಬೇಕಾದರೆ ಮೇಲಿನ ಹುಲ್ಲು ಬದುಕಿರಬೇಕು. ಹುಲ್ಲಿಗೆ ಬೇಕಾದದ್ದು ಬಿಸಿಲು. ಸುಣ್ಣದ ಗಸಿ ನೀರನ್ನು ಮಬ್ಬಾಗಿಸಿದರೆ ಅದೇ ಬಿಸಿಲಿಗೆ ಅಡ್ಡಿ. ಪ್ರವಾಸಿಗರು ಮೆಚ್ಚುವ ಆ ಹಾಲುಬೆರೆತ ಬಣ್ಣವೇ ಹುಲ್ಲಿನ ಪಾಲಿಗೆ ಮೋಡ ಕವಿದ ಆಕಾಶ. ವಿಹಾರನೌಕೆಯ ಲಂಗರೊಂದು ಗದ್ದೆಯನ್ನು ಉತ್ತುಹಾಕಲು ಅರ್ಧ ನಿಮಿಷ ಸಾಕು. ವರ್ಷಕ್ಕೆ ಸೆಂಟಿಮೀಟರ್ ಲೆಕ್ಕದಲ್ಲಿ ಬೆಳೆಯುವ ಹುಲ್ಲು ಆ ಗಾಯ ಮುಚ್ಚುವಷ್ಟರಲ್ಲಿ ತಲೆಮಾರುಗಳೇ ಕಳೆಯುತ್ತವೆ. ಚಾಪೆ ಹರಿದರೆ ಹೂತಿಟ್ಟ ಲೋಹ ಮತ್ತೆ ನೀರಿಗೆ.

1992ರಲ್ಲೇ ಯುರೋಪಿನ ದೇಶಗಳು ಪೊಸಿಡೋನಿಯಾದ ಹಾಸುಗಳನ್ನು ಮೊದಲು ಕಾಪಾಡಬೇಕಾದ ನೆಲೆಗಳ ಪಟ್ಟಿಗೆ ಸೇರಿಸಿದವು. 2019ರಿಂದೀಚೆಗೆ ಫ್ರಾನ್ಸ್ ದೊಡ್ಡ ನೌಕೆಗಳು ಈ ಹುಲ್ಲಿನ ಮೇಲೆ ಲಂಗರು ಬಿಡದಂತೆ ಕಡಿವಾಣ ಹಾಕಿದೆ. ಇತ್ತ ರೊಸಿನ್ಯಾನೊದ ಕಾರ್ಖಾನೆಯ ಪರವಾನಗಿಯನ್ನು 2022ರ ಜನವರಿಯಲ್ಲಿ ಇಟಲಿ ಸರ್ಕಾರ 2034ರವರೆಗೆ ನವೀಕರಿಸಿತು. ಹುಲ್ಲಿಗೂ ರಕ್ಷಣೆ, ಗಸಿಗೂ ಅನುಮತಿ. ಎರಡೂ ಕಾಗದಗಳು ಊರ್ಜಿತ.

ಬಿಣಗಾದವರೆಗೆ

ಇದೆಲ್ಲ ದೂರದ ಕತೆಯೆಂದು ಕರ್ನಾಟಕದ ಓದುಗರು ಪುಟ ಮಗುಚಬೇಕಿಲ್ಲ. ಕಾರವಾರದ ಬಿಣಗಾದಲ್ಲೂ ಕಡಲಿನ ಪಕ್ಕ ಕಾಸ್ಟಿಕ್ ಸೋಡಾ ಕಾರ್ಖಾನೆಯಿದೆ. ಅದರ ಸುತ್ತಲಿನ ಕಡಲಲ್ಲಿ ಪಾದರಸವನ್ನು ಅಳೆದು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ವರದಿ ಪ್ರಕಟಿಸಿದ್ದರು. ಆಮೇಲಿನ ವರ್ಷಗಳಲ್ಲಿ ಭಾರತದ ಕಾಸ್ಟಿಕ್ ಸೋಡಾ ಉದ್ಯಮ ಪಾದರಸ ಬಿಟ್ಟು ಪೊರೆಯ ವಿಧಾನಕ್ಕೆ ಹೊರಳಿತು. ಪಾದರಸದ ಬಳಕೆ ತಗ್ಗಿಸುವ, ಮಿನಮಾಟಾದ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು.

ಭಾರತದ ದೊಡ್ಡ ಕಡಲಹುಲ್ಲಿನ ಗದ್ದೆಗಳಿರುವುದು ತಮಿಳುನಾಡಿನ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಯಲ್ಲಿ. ಲಕ್ಷದ್ವೀಪ, ಅಂಡಮಾನ್, ಕಚ್ ಕೊಲ್ಲಿಗಳಲ್ಲೂ ಇವೆ. ಹುಲ್ಲನ್ನೇ ಮೇದು ಬದುಕುವ ಕಡಲಹಸು ಡುಗಾಂಗ್‌ಗಾಗಿ ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಮೀಸಲು ಪ್ರದೇಶವೆಂದು ಸಾರಿತು. ಹುಲ್ಲು ಹೀರಿದ್ದೆಲ್ಲ ಆ ಹಸುವಿನ ಹೊಟ್ಟೆಗೆ. ಹಾಗಾಗಿ ಅಲ್ಲಿ ನೀರಿಗೆ ಏನು ಬೀಳುತ್ತದೆಂಬುದು ಬರೀ ನೀರಿನ ಪ್ರಶ್ನೆಯಲ್ಲ.

ಕಡಲು ದೊಡ್ಡದು, ಎಷ್ಟು ಸುರಿದರೂ ಕರಗಿಹೋಗುತ್ತದೆಂದು ನಂಬಿದ ಶತಮಾನವೊಂದು ಮುಗಿಯಿತು. ಕರಗಿಹೋಯಿತೆಂದುಕೊಂಡದ್ದನ್ನು ಹುಲ್ಲು ಎಳೆಎಳೆಯಾಗಿ ಹೆಕ್ಕಿ, ವರ್ಷದ ಗುರುತು ಹಾಕಿ, ಕಾಲಬುಡದಲ್ಲಿ ಮಡಚಿಟ್ಟುಕೊಂಡಿದೆ. ಅದನ್ನು ಅಲ್ಲಿಯೇ ಇರಗೊಡುವುದೋ, ಬೇರುಸಹಿತ ಕಿತ್ತು ಮತ್ತೆ ನೀರಿಗೆ ಕದಡುವುದೋ ಎಂಬುದು ಮಾತ್ರ ಹುಲ್ಲಿನ ಕೈಯಲ್ಲಿಲ್ಲ.